ಹಾರ್ಲೆಮಿನಲ್ಲಿ ನಾನು ಕಾಯಿಸಿದ ಚಾಕೊಲೇಟು

ನೆದರ್ಲೆಂಡ್ಸಿಗೆ ಹೋಗಿಬಂದವರು ಟ್ಯೂಲಿಪ್ ಹೂಗಳ ಬಗೆಗೂ ಗಾಳಿಯಂತ್ರಗಳ ಬಗೆಗೂ ಬರೆದದ್ದನ್ನು ನಾನು ಬೇಕಾದಷ್ಟು ಓದಿದ್ದೇನೆ. ನಾನು ಹೋದದ್ದು ಕೊರೊನಾದ ಎರಡನೆಯ ಚಳಿಗಾಲದಲ್ಲಿ. ಹೂಗಳಿರಲಿಲ್ಲ. ರೈಲಿನ ಕಿಟಕಿಯಿಂದ ಒಂದು ಗಾಳಿಯಂತ್ರ ಕಂಡಿತು, ಅದು ತಿರುಗುತ್ತಿರಲಿಲ್ಲ. ಆದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ. ಅದರಲ್ಲೂ ನನಗಾದ ಅವಮಾನಗಳನ್ನು ಆದ ಕ್ರಮದಲ್ಲಿಯೇ ಬರೆಯುತ್ತೇನೆ. ಅವುಗಳಲ್ಲಿ ಒಂದನ್ನೂ ನಾನು ಮರೆತಿಲ್ಲ.

ವಿಮಾನ ನಿಲ್ದಾಣ

ನಾನು ಉಡುಪಿಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಪ್ರಶ್ನೆ ಕೇಳುವುದು ನನ್ನ ವೃತ್ತಿಯಾಗಿತ್ತೇ ಹೊರತು ಉತ್ತರ ಕೊಡುವುದಲ್ಲ. ಗಾಜಿನ ಹಿಂದೆ ಕುಳಿತಿದ್ದ ತರುಣ ನನ್ನ ಪಾಸ್‌ಪೋರ್ಟನ್ನು ತಿರುವಿಹಾಕಿ, ಯಾವಾಗ ಹಿಂದಿರುಗುತ್ತೀರಿ ಎಂದು ಕೇಳಿದ. ಜನವರಿಯಲ್ಲಿ ಎಂದೆ. ಲಸಿಕೆಯ ಪತ್ರ ನೋಡಿದ ಮೇಲೆ ಅದನ್ನೇ ಮತ್ತೆ ಕೇಳಿದ. ಮಾಸ್ಕ್ ಕೆಳಗಿಳಿಸಿ ಮುಖ ತೋರಿಸಿದ ಮೇಲೆ ಮೂರನೆಯ ಸಲ ಕೇಳಿದ. ನಮ್ಮ ಊರಿನಲ್ಲಿ ಬಂದ ಅತಿಥಿಯನ್ನು ಯಾವಾಗ ಹೋಗುತ್ತೀರಿ ಎಂದು ಕೇಳುವ ಮನೆಗೆ ಯಾರೂ ಎರಡನೆಯ ಸಲ ಕಾಲಿಡುವುದಿಲ್ಲ. ಇಲ್ಲಿ ಇನ್ನೂ ಕಾಲಿಡುವ ಮೊದಲೇ ಕೇಳುತ್ತಾರೆ.

ಹೊರಗೆ ಮಗಳು ಸುಷ್ಮಾ ನಿಂತಿದ್ದಳು. ಎರಡು ವರ್ಷಗಳ ಬಳಿಕ ನೋಡುತ್ತಿದ್ದೆ. ಅಪ್ಪಿಕೊಳ್ಳಲು ಹೋದರೆ ಒಂದು ಹೆಜ್ಜೆ ಹಿಂದೆ ಸರಿದು, ಮೊದಲು ಪರೀಕ್ಷೆ ಆಗಲಿ ಅಮ್ಮ ಎಂದಳು. ಅವಳಿಗೆ ಯುಟ್ರೆಕ್ಟಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಇಡೀ ದಿನ ಜನರ ಗಂಟಲ ದ್ರವವನ್ನೇ ನೋಡುವವಳಿಗೆ ತಾಯಿಯ ಗಂಟಲಿನ ಮೇಲೂ ನಂಬಿಕೆ ಇರಲಿಲ್ಲ.

ಹಾರ್ಲೆಮ್, ಪಕ್ಕದ ಮನೆ

ಮಗಳು, ಅಳಿಯ ಗುರುಪ್ರಸಾದ ಇರುವುದು ಹಾರ್ಲೆಮಿನಲ್ಲಿ. ಮನೆ ಅಗಲಕ್ಕಿಲ್ಲ, ಎತ್ತರಕ್ಕಿದೆ. ಮೆಟ್ಟಿಲುಗಳೆಂದು ಅವರು ಕರೆಯುವುದನ್ನು ನಾವು ಏಣಿ ಎನ್ನುತ್ತೇವೆ. ಅಳಿಯ ಬೆಳಗಿನಿಂದ ಸಂಜೆಯವರೆಗೆ ನಡುವಿನ ಅಂತಸ್ತಿನಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನೊಡನೆ ಮಾತನಾಡುತ್ತಿದ್ದ. ಹೀಗಾಗಿ ಹಗಲಿಡೀ ನನ್ನ ಪಾಲಿಗಿದ್ದ ಮನುಷ್ಯಜೀವಿ ಎಂದರೆ ಪಕ್ಕದ ಮನೆಯ ಟ್ರೂಸ್.

ಟ್ರೂಸ್ ನನ್ನದೇ ವಯಸ್ಸಿನವಳು, ನನ್ನ ಹಾಗೆಯೇ ವಿಧವೆ. ಮೊದಲ ಭೇಟಿಯಲ್ಲೇ ನನ್ನನ್ನು ‘ವಾರಿಜಾ’ ಎಂದು ಕರೆದಳು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬರಿಯ ಹೆಸರು ಹಿಡಿದು ಕರೆದವರಿಲ್ಲ. ನನ್ನ ಯಜಮಾನರೂ ಕರೆದಿರಲಿಲ್ಲ. ನಾವು ಮಾತನಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅದರಲ್ಲಿ ಏಕವಚನ ಬಹುವಚನಗಳ ಭೇದವಿಲ್ಲವೆಂದು ಅಳಿಯ ಸಮಾಧಾನ ಹೇಳಿದ. ಆದರೆ ಆಕೆಯ ದನಿಯಲ್ಲಿದ್ದದ್ದು ಏಕವಚನವೇ.

ಕಾಫಿಗೆ ಬಾ ಎಂದಳು. ಯಾವಾಗ ಎಂದರೆ, ಮುಂದಿನ ವಾರದ ಗುರುವಾರ. ಎರಡು ಮನೆಗಳ ನಡುವೆ ಒಂದು ಗೋಡೆ ಮಾತ್ರ ಇದೆ. ಆಕೆ ಸೀನಿದರೆ ನನಗೆ ಕೇಳಿಸುತ್ತದೆ. ಆದರೂ ಗುರುವಾರದವರೆಗೆ ಕಾದೆ. ಕಿಟಕಿಗಳಿಗೆ ಪರದೆ ಇಲ್ಲದ ಆ ಕೋಣೆಯಲ್ಲಿ, ರಸ್ತೆಯಲ್ಲಿ ಹೋಗುವವರೆಲ್ಲ ನೋಡುವಂತೆ ದೂರದೂರ ಕುಳಿತೆವು. ಆಕೆ ಒಂದು ತಗಡಿನ ಡಬ್ಬ ತಂದು, ಮುಚ್ಚಳ ತೆಗೆದು, ನನ್ನ ಮುಂದೆ ಹಿಡಿದಳು. ನಾನು ಒಂದು ಬಿಸ್ಕತ್ತು ತೆಗೆದುಕೊಂಡೆ. ಆಕೆಯೂ ಒಂದು ತೆಗೆದುಕೊಂಡು ಮುಚ್ಚಳವನ್ನು ಟಪ್ಪೆಂದು ಮುಚ್ಚಿ, ಡಬ್ಬವನ್ನು ಕಪಾಟಿನೊಳಗೆ ಇಟ್ಟುಬಿಟ್ಟಳು. ನನಗೆ ಸಕ್ಕರೆ ಕಾಯಿಲೆ ಇದೆ; ಒಂದು ಬಿಸ್ಕತ್ತೇ ಹೆಚ್ಚು. ಇನ್ನೊಂದನ್ನು ಕೊಟ್ಟಿದ್ದರೂ ಬೇಡವೆನ್ನುತ್ತಿದ್ದೆ. ಬೇಡವೆನ್ನುವ ಅವಕಾಶವನ್ನೂ ಕೊಡದೆ ಮುಚ್ಚಳ ಹಾಕುವುದು ಎಂಥ ಆತಿಥ್ಯ? ಇದು ಇಲ್ಲಿಯ ಪದ್ಧತಿ ಅತ್ತೆ, ಎಲ್ಲರ ಮನೆಯಲ್ಲೂ ಹೀಗೆಯೇ, ಎಂದ ಅಳಿಯ. ಎಲ್ಲರೂ ಮಾಡಿದರೆ ತಪ್ಪು ಸರಿಯಾಗುತ್ತದೆಂಬ ವಾದವನ್ನು ನಾನು ಒಂಬತ್ತನೆಯ ತರಗತಿಯ ಹುಡುಗಿಯರ ಬಾಯಿಂದ ಕೇಳಿದ್ದೇನೆ.

ಊರ ಚೌಕ

ಒಂದು ಭಾನುವಾರ ಮಗಳು ನನ್ನನ್ನು ಊರ ನಡುವಿನ ದೊಡ್ಡ ಚೌಕಕ್ಕೆ ಕರೆದೊಯ್ದಳು. ಚರ್ಚಿನ ಎದುರಿನ ಕಾಫಿಯಂಗಡಿಯಲ್ಲಿ ಬಿಸಿ ಚಾಕೊಲೇಟು ಕುಡಿಯೋಣ ಎಂದಳು. ಒಳಗೆ ಕೂರಬೇಕಾದರೆ ಮೊಬೈಲಿನಲ್ಲಿ ಲಸಿಕೆಯ ಕ್ಯೂಆರ್ ಚೌಕುಳಿಯನ್ನು ತೋರಿಸಬೇಕಿತ್ತು. ಉಡುಪಿಯಲ್ಲಿ ಎರಡು ಸಲ ಸೂಜಿ ಚುಚ್ಚಿಸಿಕೊಂಡ ನನ್ನ ಪತ್ರವನ್ನು ಅವರ ಯಂತ್ರ ಒಪ್ಪಲಿಲ್ಲ. ಆದ್ದರಿಂದ ಗಾಳಿಗೆ ಮೈಯೊಡ್ಡಿ ಹೊರಗೆ ನಿಂತು, ಕಾಗದದ ಲೋಟದಲ್ಲಿ ಕುಡಿಯಬೇಕಾಯಿತು.

ಇನ್ನು ಆ ಪಾನೀಯದ ವಿಷಯ. ಜಗತ್ತಿನ ಕೋಕೋ ಬೀಜದ ಮೂಟೆಗಳು ಹಡಗಿನಿಂದ ಬಂದಿಳಿಯುವ ದೇಶ ಇದು. ಪುಡಿಯನ್ನು ಹದಗೊಳಿಸಿ ಬಣ್ಣವೇರಿಸುವ ಕ್ರಮವನ್ನು ಲೋಕಕ್ಕೆ ಕಲಿಸಿದವರೂ ಇವರೇ. ಇಂಥವರು ನನ್ನ ಕೈಗಿತ್ತದ್ದು ಕೋಕೋ ಬಣ್ಣದ ಬಿಸಿ ಹಾಲಿನ ನೀರು. ಅದರ ಮೇಲೆ ಡಬ್ಬಿಯಿಂದ ಬುಸ್ಸೆಂದು ಊದಿದ ಕೆನೆ. ಒಂದೇ ಗುಟುಕು ಕುಡಿದೆ. ಸಿಹಿಯಿತ್ತು, ಆದರೆ ಬಾಯಿಗೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಮಗಳು ನನ್ನ ಮುಖ ನೋಡಿ ನಕ್ಕಳು.

“ನೀನು ಶಾಲೆಯ ಪರೀಕ್ಷೆ ಸಮಯದಲ್ಲಿ ಮಾಡಿ ಕೊಡ್ತಿದ್ದೆಯಲ್ಲ ಅಮ್ಮ, ಅಷ್ಟು ದಪ್ಪದ್ದು ಈ ದೇಶದಲ್ಲಿ ಎಲ್ಲಿಯೂ ಸಿಗುದಿಲ್ಲ.”

ಮನೆಯಲ್ಲೇ ಮಾಡಿಕೊಡುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ. ಅದು ನಡೆಯುವ ಮೊದಲು ಬೇರೆಯದೇ ನಡೆಯಿತು.

ಅಟ್ಟದ ಏಣಿ

ಡಿಸೆಂಬರಿನಲ್ಲಿ ಅಂಗಡಿಗಳು ಮತ್ತೆ ಮುಚ್ಚುವ ಹೊತ್ತಿಗೆ ಸುಷ್ಮಾಳಿಗೆ ಸೋಂಕು ತಗಲಿತು. ಪರೀಕ್ಷೆ ಮಾಡುವವಳೇ ಸಿಕ್ಕಿಬಿದ್ದಳು. ಅವಳು ಮೇಲಿನ ಅಟ್ಟದ ಕೋಣೆ ಸೇರಿಕೊಂಡಳು. ನಾನು ಏಣಿಯ ಮೇಲಿನ ಮೆಟ್ಟಿಲಲ್ಲಿ ಊಟ ಇಟ್ಟು ಇಳಿದು ಬರಬೇಕು. ಆಮೇಲೆ ಅವಳು ಬಾಗಿಲು ತೆರೆಯಬೇಕು. ಜ್ವರ ಬೇಗನೆ ಇಳಿಯಿತು. ಆದರೆ ರುಚಿ, ವಾಸನೆ ಎರಡೂ ಹೋದವು. ಸಾರು, ಪಲ್ಯ, ಮೆಣಸಿನ ಗೊಜ್ಜು, ಏನಿಟ್ಟರೂ ತಟ್ಟೆ ಇಟ್ಟ ಹಾಗೆಯೇ ಹಿಂದಿರುಗುತ್ತಿತ್ತು. ಕಾಗದ ಜಗಿದ ಹಾಗೆ ಆಗ್ತದೆ ಅಮ್ಮ, ನುಂಗಲಿಕ್ಕೆ ಆಗುದಿಲ್ಲ, ಎಂದು ಬಾಗಿಲ ಸಂದಿನಿಂದ ಹೇಳಿದಳು. ಪ್ರತ್ಯೇಕವಾಸ ಮುಗಿದು ಬಾಗಿಲು ತೆರೆದಾಗ ಅವಳ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಏಣಿ ಇಳಿಯುವ ಶಕ್ತಿಯೂ ಅವಳಿಗಿರಲಿಲ್ಲ.

ವೈದ್ಯರಿಗೆ ಫೋನು ಮಾಡಿದರೆ, ನೋವಿನ ಮಾತ್ರೆ ತಿಂದು ಕಾಯಿರಿ ಎಂದರಂತೆ. ನೋವಿದೆ ಎಂದು ಯಾರು ಹೇಳಿದರು?

ನನ್ನ ವಿಮಾನ ಹತ್ತಿರ ಬರುತ್ತಿತ್ತು. ಇವಳು ಸರಿಯಾಗಿ ಉಣ್ಣುವವರೆಗೆ ನಾನು ಹೊರಡುವುದಿಲ್ಲ, ಟಿಕೇಟನ್ನು ಮುಂದೆ ಹಾಕಿಸು ಎಂದು ಅಳಿಯನಿಗೆ ಏಣಿಯ ಬುಡದಲ್ಲಿ ನಿಂತು ಹೇಳಿದೆ. ಆ ಮನೆಯಲ್ಲಿ ಬುಡದಲ್ಲಿ ಆಡಿದ ಮಾತು ಅಟ್ಟಕ್ಕೆ ಕೇಳಿಸುತ್ತದೆ.

ಅಡುಗೆಮನೆ

ಆಗ ಚಾಕೊಲೇಟು ನೆನಪಾಯಿತು. ಮುಚ್ಚದೆ ಉಳಿದಿದ್ದ ದಿನಸಿ ಅಂಗಡಿಗೆ ನಾನೇ ಹೋಗಿ ಕೋಕೋ ಪುಡಿ, ಹಾಲಿನ ಪೆಟ್ಟಿಗೆ ತಂದೆ. ಒಲೆಯ ಮೇಲಿಟ್ಟೊಡನೆ ಒಡೆದು ನೀರು ಬೇರೆ, ಗಟ್ಟಿ ಬೇರೆಯಾಯಿತು. ಅದು ಹಾಲಲ್ಲ, ಮಜ್ಜಿಗೆ ಎಂದು ಅಳಿಯ ಪೆಟ್ಟಿಗೆಯನ್ನು ಓದಿ ಹೇಳಿದ. ಹಾಲಿನ ಸಾಲಿನಲ್ಲಿ, ಹಾಲಿನದೇ ಆಕಾರದ ಪೆಟ್ಟಿಗೆಯಲ್ಲಿ ಮಜ್ಜಿಗೆಯನ್ನು ಇಡುವುದು ಸರಿಯೇ ಎಂದು ಹಿತ್ತಲ ಬೇಲಿಯಾಚೆಯಿದ್ದ ಟ್ರೂಸ್‌ಗೆ ಕೇಳಿದೆ. “ಅದರ ಮೇಲೆ ಬರೆದೇ ಇದೆಯಲ್ಲ” ಎಂದಳು. ಅಷ್ಟೇ. ಅಯ್ಯೋ ಎಂಬ ಒಂದು ಶಬ್ದವಿಲ್ಲ.

ಎರಡನೆಯ ತೊಡಕು ಒಲೆ. ಊರಿನಿಂದ ಹೊತ್ತು ತಂದಿದ್ದ ನನ್ನ ಕಂಚಿನ ಪಾತ್ರೆಯನ್ನು ಆ ಗಾಜಿನ ಒಲೆ ಪಾತ್ರೆಯೆಂದೇ ಗುರುತಿಸಲಿಲ್ಲ. ಕೀಂ ಕೀಂ ಎಂದು ಕೂಗಿ ಆರಿಹೋಯಿತು. ಕೊನೆಗೆ ಮಗಳ ಉಕ್ಕಿನ ಪಾತ್ರೆಯಲ್ಲಿ ಮಾಡಿದೆ.

ಕ್ರಮ ಹೀಗಿದೆ. ರಾಗಿಯನ್ನು ರಾತ್ರಿ ನೆನೆಹಾಕಿ, ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯಬೇಕು. ನಮ್ಮಲ್ಲಿ ಮಣ್ಣಿ ಎಂಬ ಸಿಹಿಗೆ ತೆಗೆಯುತ್ತೇವಲ್ಲ, ಹಾಗೆಯೇ. ಕೆನೆ ತೆಗೆಯದ ಹಾಲನ್ನು ಮುಕ್ಕಾಲಿಗೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಬೇಕು. ಕೋಕೋ ಪುಡಿಯನ್ನು ಒಮ್ಮೆಲೇ ಸುರಿಯಬಾರದು. ಸ್ವಲ್ಪ ಬೆಚ್ಚನೆ ಹಾಲಿನಲ್ಲಿ ಗಂಧದ ಹಾಗೆ ಕಲಸಿಕೊಂಡು ಆಮೇಲೆ ಬೆರೆಸಬೇಕು, ಇಲ್ಲದಿದ್ದರೆ ಗಂಟುಗಟ್ಟುತ್ತದೆ. ಕೊನೆಗೆ ರಾಗಿಹಾಲನ್ನು ಎಳೆಯಾಗಿ ಬಿಡುತ್ತ, ಸೌಟನ್ನು ತಳಕ್ಕೆ ತಾಗಿಸಿ, ಕೈಬಿಡದೆ ತಿರುವಬೇಕು. ಒಂದು ಚಿಟಿಕೆ ಉಪ್ಪು, ನೆಲ್ಲಿಕಾಯಿಯಷ್ಟು ಬೆಣ್ಣೆ. ಸೌಟನ್ನೆತ್ತಿದರೆ ಹನಿಹನಿಯಾಗಿ ಬೀಳದೆ ರಿಬ್ಬನ್ನಿನ ಹಾಗೆ ಇಳಿದು, ಇಳಿದ ಗುರುತು ಮೇಲೆ ಒಂದು ಕ್ಷಣ ನಿಲ್ಲಬೇಕು. ಅದು ಹದ.

ರುಚಿ ನೋಡುವುದೆಂಬುದು ನನ್ನ ಕ್ರಮದಲ್ಲಿಲ್ಲ. ದೇವರ ಮುಂದೆ ಇಡುವ ಮೊದಲು ನಾಲಗೆಗೆ ಮುಟ್ಟಿಸಿದರೆ ಅದು ಎಂಜಲು. ಮದುವೆಯಾಗಿ ಬಂದಂದಿನಿಂದ ಕಣ್ಣಿನಲ್ಲಿ, ಮೂಗಿನಲ್ಲಿ, ಕೈಯಳತೆಯಲ್ಲಿ ಅಡುಗೆ ಮಾಡಿದವಳು ನಾನು. ಉಪ್ಪು ಹೆಚ್ಚಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಚಾಕೊಲೇಟನ್ನೂ ಅಳಿಯನ ಮನೆಯ ದೇವರ ಪಟದ ಮುಂದೆ ಒಂದು ಕ್ಷಣ ಇಟ್ಟು ಅಟ್ಟಕ್ಕೆ ಒಯ್ದೆ. ನನಗೆ ಸಿಹಿ ವರ್ಜ್ಯ; ಅಳಿಯ ಹಾಲು ಮುಟ್ಟದ ಕಪ್ಪು ಕಾಫಿಯವನು. ಹೀಗೆ ಅದನ್ನು ಕುಡಿಯುವವಳು ಸುಷ್ಮಾ ಒಬ್ಬಳೇ.

ಕುಡಿದಳು. ಲೋಟ ಖಾಲಿಯಾಗಿತ್ತು. ಸಿಹಿ ಹೇಗಿದೆ ಎಂದು ಕೇಳಿದೆ.

“ಸಿಹಿ ಹದ ಉಂಟಮ್ಮ. ರುಚಿ ಬಂತು ಕಾಣ್ತದೆ ನನಗೆ.”

ಮಾತ್ರೆ ತಿಂದು ಕಾಯಿರಿ ಎಂದ ವೈದ್ಯರ ಮುಂದೆ ಆ ಖಾಲಿ ಲೋಟವನ್ನು ಇಡಬೇಕೆನ್ನಿಸಿತು. ಮರುದಿನವೂ ಕುಡಿದಳು, ಅದರ ಮರುದಿನವೂ. ಪ್ರತಿ ಸಲವೂ ಸಿಹಿ ಸರಿಯಾಗಿದೆ ಎಂದಳು. ಅನ್ನದ ತಟ್ಟೆ ಇನ್ನೂ ಅರ್ಧ ಹಿಂದಿರುಗುತ್ತಿತ್ತು, ಆದರೆ ಸೋಂಕಿನ ಆಯಾಸ ಎಂದುಕೊಂಡೆ. ಟಿಕೇಟು ಬದಲಿಸುವುದು ಬೇಡವೆಂದು ಅಳಿಯನಿಗೆ ಹೇಳಿ ಪೆಟ್ಟಿಗೆ ತುಂಬಲು ತೊಡಗಿದೆ.

ಟ್ರೂಸ್‌ಳ ಪಾತ್ರೆ

ಆ ನಡುವೆ ಟ್ರೂಸ್ ಒಂದು ಪಾತ್ರೆ ಬಟಾಣಿ ಸೂಪನ್ನು ನಮ್ಮ ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ದೂರ ಹೋಗಿ ನಿಂತಳು. ಕಾಯಿಲೆಯವಳಿಗೆ ಎಂದಳು. ನಾವು ಮಾಂಸ ತಿನ್ನುವವರಲ್ಲ ಎಂದು ಬಿಸ್ಕತ್ತಿನ ಗುರುವಾರವೇ ನಾನು ತಿಳಿಸಿದ್ದೆ. ನೆನಪಿದೆ, ಆದ್ದರಿಂದಲೇ ಹಂದಿಮಾಂಸದ ಸಾಸೇಜಿನ ತುಂಡುಗಳನ್ನೆಲ್ಲ ಹೆಕ್ಕಿ ತೆಗೆದಿದ್ದೇನೆ ಎಂದಳು. ಆಕೆಯ ಮುಖದಲ್ಲಿ ಉಪಕಾರ ಮಾಡಿದ ತೃಪ್ತಿಯಿತ್ತು. ಹಂದಿಯೊಡನೆ ಕುದಿದ ಬಟಾಣಿ, ಹಂದಿಯನ್ನು ಎತ್ತಿದ ಮಾತ್ರಕ್ಕೆ ಶುದ್ಧವಾಯಿತು! ಆ ಸೂಪನ್ನು ಅಳಿಯ ಏನು ಮಾಡಿದನೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆದರೆ ಪಾತ್ರೆ ಉಳಿಯಿತು. ಅವಮಾನ ಅವರದು, ಮರ್ಯಾದೆ ನಮ್ಮದು. ನಮ್ಮಲ್ಲಿ ಇನ್ನೊಂದು ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅಳಿಯನಿಂದ ಅದನ್ನು ಕುದಿನೀರಿನಲ್ಲಿ ತೊಳೆಸಿ, ಆ ದಿನ ಎರಡರಷ್ಟು ಚಾಕೊಲೇಟು ಕಾಯಿಸಿ, ಟ್ರೂಸ್‌ಳ ಪಾತ್ರೆಗೆ ಅರ್ಧ ಸುರಿದು ಕಳುಹಿಸಿದೆ. ಮಂದವಾದ ಚಾಕೊಲೇಟು ಎಂದರೆ ಏನೆಂದು ಈ ದೇಶದ ಒಬ್ಬಳಿಗಾದರೂ ತಿಳಿಯಲಿ ಎಂಬುದೂ ನನ್ನ ಮನಸ್ಸಿನಲ್ಲಿತ್ತು.

ಮರುದಿನ ಬೆಳಿಗ್ಗೆ

ಮರುದಿನ ಬಾಗಿಲಿನ ಗಂಟೆ ಸದ್ದಾಯಿತು. ಧನ್ಯವಾದ ಹೇಳಲು ಬಂದಿದ್ದಾಳೆಂದು ಸೆರಗು ಸರಿಪಡಿಸಿಕೊಂಡು ಬಾಗಿಲು ತೆರೆದೆ. ಟ್ರೂಸ್ ಎರಡು ಮಾರು ದೂರದಲ್ಲಿ ಸೈಕಲ್ಲು ಹಿಡಿದು ನಿಂತಿದ್ದಳು.

“ನಿನ್ನೆಯದು ಚೆನ್ನಾಗಿರಲಿಲ್ಲ, ವಾರಿಜಾ. ಚೆಲ್ಲಿಬಿಟ್ಟೆ. ನಿನಗೆ ಹೇಳಬೇಕೆಂದು ಬಂದೆ.”

ಇದನ್ನು ಹೇಳಲೆಂದೇ ಬಂದಿದ್ದಳು. ಬೇರೆ ಕೆಲಸವಿರಲಿಲ್ಲ. ಒಂದು ಮನೆಯವರು ಕೈಯಾರೆ ಮಾಡಿ ಕೊಟ್ಟದ್ದನ್ನು ಚೆಲ್ಲುವುದು ಒಂದು. ಚೆಲ್ಲಿದೆನೆಂದು ಅವರ ಹೊಸ್ತಿಲಿಗೇ ಬಂದು ಹೇಳುವುದು ಇನ್ನೊಂದು. ನಿಮ್ಮ ನಾಲಗೆಗೆ ನೀರು ಹಾಲೇ ಅಭ್ಯಾಸ, ಅದಕ್ಕೆ ನಾನೇನು ಮಾಡಲಿ ಎಂದೆ.

“ಮಂದವಾದದ್ದಕ್ಕಲ್ಲ. ಅದರಲ್ಲಿ ಸಕ್ಕರೆಯೇ ಇರಲಿಲ್ಲ. ಕಡಿಮೆ ಅಲ್ಲ, ಒಂದು ಚೂರೂ ಇರಲಿಲ್ಲ. ವಿಷದಷ್ಟು ಕಹಿ.”

ಪುಡಿಯಲ್ಲೇ ಸಕ್ಕರೆ ಇರುತ್ತದೆ, ನಮ್ಮ ಊರಿನ ಡಬ್ಬದಲ್ಲಿ ಯಾವಾಗಲೂ ಇರುತ್ತದೆ ಎಂದೆ. ಇಲ್ಲಿಯ ಕೋಕೋ ಬರಿಯ ಕೋಕೋ ಎಂದಳು. ನನ್ನ ಮಗಳು ಒಂದು ವಾರದಿಂದ ದಿನವೂ ಇದನ್ನೇ ಕುಡಿಯುತ್ತಿದ್ದಾಳೆ, ಸಿಹಿ ಸರಿಯಾಗಿದೆ ಎನ್ನುತ್ತಾಳೆ ಎಂದು ನಾನು ದನಿ ಏರಿಸಿಯೇ ಹೇಳಿದೆ. ಟ್ರೂಸ್ ತಲೆಯೆತ್ತಿ ನಮ್ಮ ಅಟ್ಟದ ಕಿಟಕಿಯನ್ನು ನೋಡಿದಳು.

“ಹಾಗಾದರೆ ನಿನ್ನ ಮಗಳಿಗೆ ಇನ್ನೂ ರುಚಿ ತಿಳಿಯುತ್ತಿಲ್ಲ” ಎಂದು ಹೇಳಿ, ಸೈಕಲ್ಲು ಹತ್ತಿ ಹೊರಟುಹೋದಳು.

ಒಳಗೆ ಬಂದೆ. ಬೆಳಗಿನ ಪಾತ್ರೆ ಒಲೆಯ ಮೇಲಿತ್ತು, ಇನ್ನೂ ದೇವರ ಮುಂದೆ ಇಟ್ಟಿರಲಿಲ್ಲ. ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡೆ. ಕಿವಿಯವರೆಗೂ ಕಹಿಯೇರಿತು. ಆ ಕಹಿಗಿಂತಲೂ, ಅದನ್ನು ಹೇಳಿದವಳು ಟ್ರೂಸ್ ಎಂಬುದು ಹೆಚ್ಚು ಉರಿಯಿತು.

ಅಟ್ಟ

ಏಣಿಯನ್ನು ಹೇಗೆ ಹತ್ತಿದೆನೋ ತಿಳಿಯದು. ಸುಷ್ಮಾ ಹಾಸಿಗೆಯಲ್ಲಿ ಕುಳಿತಿದ್ದಳು. ನಾನು ಲೋಟವನ್ನು ಅವಳ ಕೈಗಿತ್ತು, ಕುಡಿದು ಹೇಗಿದೆ ಹೇಳು ಎಂದೆ. ಕುಡಿದಳು.

“ಲಾಯ್ಕುಂಟಮ್ಮ. ಸಿಹಿ ಹದ.”

“ಅದಕ್ಕೆ ನಾನು ಸಕ್ಕರೆಯೇ ಹಾಕಲಿಲ್ಲ. ಒಂದು ದಿನವೂ ಹಾಕಲಿಲ್ಲ.”

ಅವಳು ಲೋಟವನ್ನು ಕೆಳಗಿಡಲೂ ಇಲ್ಲ, ನನ್ನ ಮುಖ ನೋಡಲೂ ಇಲ್ಲ. ಸುಳ್ಳು ಹೇಳುವುದನ್ನು ಯಾರಿಂದ ಕಲಿತೆ, ನನ್ನಿಂದಲೋ ನಿನ್ನ ಅಪ್ಪನಿಂದಲೋ ಎಂದು ಕೇಳಿದೆ. ಇಡೀ ಊರಿನ ಹುಡುಗಿಯರ ಸುಳ್ಳನ್ನು ಕಣ್ಣಿನಲ್ಲೇ ಹಿಡಿಯುತ್ತಿದ್ದವಳನ್ನು ಮೂರ್ಖಳನ್ನಾಗಿ ಮಾಡಿದೆಯಲ್ಲ ಎಂದೆ. ಇನ್ನೂ ಏನೇನೋ ಅಂದೆ.

“ನೀನು ಮಾಡಿದ್ದು ಲಾಯ್ಕಿಲ್ಲ ಅಂತ ಹೇಳ್ಲಿಕ್ಕೆ ನಮ್ಮ ಮನೆಯಲ್ಲಿ ಯಾರಿಗೆ ಧೈರ್ಯ ಇತ್ತಮ್ಮ?” ಎಂದಳು. ಆಮೇಲೆ ದನಿ ಇಳಿಯಿತು. “ನಾನು ಉಣ್ಣುವವರೆಗೆ ಹೋಗುದಿಲ್ಲ ಅಂತ ನೀನು ಗುರುವಿನ ಹತ್ರ ಹೇಳಿದ್ದು ನನಗೆ ಕೇಳ್ತು. ಹೊಸ ಸೋಂಕು ಬೇರೆ ಬಂದಿದೆ. ನಿನಗೆ ಸಕ್ಕರೆ ಉಂಟು, ವಯಸ್ಸಾಗಿದೆ. ಲ್ಯಾಬಿನಲ್ಲಿ ನಾನು ದಿನಾ ಯಾರ್ಯಾರ ಹೆಸರು ನೋಡ್ತೇನೆ ಗೊತ್ತುಂಟಾ? ಇಲ್ಲಿ ನಿನಗೆ ಎಂತಾದ್ರೂ ಆದ್ರೆ, ನಾನೇ ತಂದುಕೊಟ್ಟ ಹಾಗೆ ಆಗ್ತದೆ. ನೀನು ಊರಿಗೆ ಮುಟ್ಟಿದ್ರೆ ಸಾಕಿತ್ತು ನನಗೆ.”

ವಿಮಾನ ನಿಲ್ದಾಣದ ತರುಣ ಮೂರು ಸಲ ಕೇಳಿದ. ನನ್ನ ಮಗಳು ಬಾಯಿ ಬಿಟ್ಟು ಒಂದು ಸಲವೂ ಕೇಳದೆ ನನ್ನನ್ನು ಕಳುಹಿಸಲು ಹೊರಟಿದ್ದಳು. ಸಿಟ್ಟು ಇಳಿಯಲಿಲ್ಲ. ಈಗಲೂ ಇಳಿದಿಲ್ಲ. ಆದರೆ ಒಂದು ವಿಷಯ ತಿಳಿಯಬೇಕಿತ್ತು.

“ಅನ್ನ ಬಿಡ್ತೀ, ಸಾರು ಬಿಡ್ತೀ. ಈ ವಿಷವನ್ನು ಮಾತ್ರ ಲೋಟ ಖಾಲಿ ಮಾಡಿ ಕುಡಿದದ್ದು ಹೇಗೆ? ಅದನ್ನೂ ಚೆಲ್ಲಿದೆಯಾ?”

“ಇಲ್ಲಮ್ಮ, ಕುಡಿದೆ. ಸಿಹಿಯೂ ಗೊತ್ತಾಗುದಿಲ್ಲ, ಕಹಿಯೂ ಗೊತ್ತಾಗುದಿಲ್ಲ. ಅನ್ನ ಬಾಯಲ್ಲಿದ್ರೂ ಇಲ್ಲದ ಹಾಗೆ. ಇದು ದಪ್ಪ ಉಂಟಲ್ಲ, ಬಿಸಿ ಉಂಟಲ್ಲ. ನಾಲಗೆ ಮೇಲೆ ಕೂತ್ಕೊಳ್ಳುದು ಗೊತ್ತಾಗ್ತದೆ, ಗಂಟಲಿಗೆ ಇಳಿಯುದು ಗೊತ್ತಾಗ್ತದೆ. ಎಂತದೋ ಕುಡೀತಾ ಇದ್ದೇನೆ ಅಂತ ಗೊತ್ತಾಗುದು ಇದರಲ್ಲಿ ಮಾತ್ರ.”

ನಾನು ಏಣಿಯ ತುದಿಯಲ್ಲಿ ಕುಳಿತುಕೊಂಡೆ. ಅವಳು ಉಳಿದದ್ದನ್ನೂ ಕುಡಿದು ಮುಗಿಸಿದಳು.

ಹೊರಡದ ದಿನಗಳು

ಟಿಕೇಟನ್ನು ವೀಸಾ ಮುಗಿಯುವ ಹೊತ್ತಿಗೆ ಹಾಕಿಸಿದೆ. ಸುಷ್ಮಾ ಸಿಟ್ಟು ಮಾಡಿಕೊಂಡಳು, ಅತ್ತಳು. ಮಾಸ್ಕ್ ಹಾಕಿಕೊಂಡೇ ಅಡುಗೆ ಮಾಡಬೇಕೆಂಬ ಅವಳ ಕರಾರನ್ನು ನಾನು ಒಪ್ಪಿದೆ. ನನ್ನ ಕರಾರು ಒಂದೇ: ರುಚಿ ತಿಳಿಯದಿದ್ದರೆ ತಿಳಿಯುವುದಿಲ್ಲ ಎಂದು ಹೇಳಬೇಕು. ಅಂದಿನಿಂದ ದಿನವೂ ಕೇಳಿದೆ, ದಿನವೂ ಇಲ್ಲ ಎಂದಳು. ಆ ಇಲ್ಲವನ್ನು ಕೇಳಿಸಿಕೊಂಡು ಕೆಳಗಿಳಿಯುವುದು ಸುಲಭವಾಗಿರಲಿಲ್ಲ.

ರಾಗಿಹಾಲಿನ ಅಳತೆ ಹೆಚ್ಚಿಸಿದೆ. ಸಕ್ಕರೆಯನ್ನೂ ಹಾಕಿದೆ, ಅವಳಿಗೆ ತಿಳಿಯದಿದ್ದರೂ. ಚಾಕೊಲೇಟಿನ ಬಲದಲ್ಲಿ ಅದರ ಹಿಂದೆಯೇ ಮಂದ ಗಂಜಿ, ಮಣ್ಣಿ, ಮುದ್ದೆಯಾಗಿ ಬೆಂದ ಖಿಚಡಿ ಒಳಗೆ ಹೋಗತೊಡಗಿದವು. ತೆಳುವಾದದ್ದೆಲ್ಲ ಮನೆಯಿಂದ ಹೊರಬಿತ್ತು. ಒಂದು ಬೆಳಿಗ್ಗೆ ಅವಳು ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಹಿಡಿದು, ಏಣಿ ಇಳಿದು ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಳು. ರುಚಿ ಇನ್ನೂ ಬಂದಿರಲಿಲ್ಲ. ಕೊರಳಿನ ಎಲುಬು ಅಷ್ಟಾಗಿ ಕಾಣುತ್ತಿರಲಿಲ್ಲ.

ಅಂದೇ ಟ್ರೂಸ್ ಬಾಗಿಲಿಗೆ ಬಂದಳು. ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಉತ್ತರ ಮುಗಿಯುವ ಮೊದಲೇ, ಸಕ್ಕರೆ ಹಾಕಿದೆಯಾ ಎಂದಳು. ಎರಡನೆಯ ಸಲ ಚೆಲ್ಲಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಲೋಟದಲ್ಲಿ ತಂದುಕೊಟ್ಟು, ಇಲ್ಲಿಯೇ ನನ್ನೆದುರಿಗೇ ಕುಡಿಯಬೇಕೆಂದೆ. ಆ ಚಳಿಯಲ್ಲಿ ನಿಂತು, ಮಾಸ್ಕ್ ಗಲ್ಲಕ್ಕೆ ಇಳಿಸಿ, ಆಕೆ ನಿಧಾನವಾಗಿ ಕುಡಿದಳು. ತಳದಲ್ಲಿದ್ದದ್ದು ಬೀಳದೆ ನಿಂತಾಗ ಲೋಟವನ್ನು ಬೋರಲು ಹಿಡಿದು ಬೆರಳಿನಿಂದ ತಟ್ಟಿದಳು.

“ಸಿಹಿ ಈಗ ಸರಿಯಾಗಿದೆ” ಎಂದಳು. “ಆದರೆ ಇದು ವಿಪರೀತ ಮಂದವಾಯಿತು, ವಾರಿಜಾ. ಕುಡಿಯುವವರು ಇದನ್ನು ಕುಡಿಯುವುದು ಹೇಗೆ?”

ಲೋಟವನ್ನು ಆಕೆಯ ಕೈಯಿಂದ ತೆಗೆದುಕೊಂಡೆ.

“ಅದನ್ನು ನಿಮ್ಮ ನಾಲಗೆಗೆಂದು ಮಾಡಿದ್ದಲ್ಲ” ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಒಲೆಯ ಮೇಲೆ ಇನ್ನೊಂದು ಲೋಟದಷ್ಟಿತ್ತು. ತಳ ಹಿಡಿಯುವ ಮೊದಲು ತಿರುವಬೇಕಾಗಿತ್ತು.